ಪರದೆ ಕಿರುಚಿದಾಗ: ನಕಲಿ ‘ಟೆಕ್ ಸಪೋರ್ಟ್’ ಎಚ್ಚರಿಕೆಗಳಿಂದ ಪಾರಾಗುವ ಬಗೆ

ರಾತ್ರಿ ಒಂಬತ್ತೂವರೆಗೆ ಶಿವಮೊಗ್ಗದಿಂದ ಚಿಕ್ಕಮ್ಮ ಕರೆ ಮಾಡಿದರು. ಅವರ ಮಾತಿಗಿಂತ ಮೊದಲು ನನಗೆ ಕೇಳಿಸಿದ್ದು ಆಂಬುಲೆನ್ಸಿನಂಥ ಸೈರನ್. ಅದರ ನಡುವೆ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಅದೇ ಎರಡು ವಾಕ್ಯಗಳನ್ನು ಮತ್ತೆ ಮತ್ತೆ ಹೇಳುತ್ತಿತ್ತು. “ಪುಟ್ಟಾ, ಹಲಸಿನ ಹಪ್ಪಳದ ಅಳತೆ ಹುಡುಕುತ್ತಿದ್ದೆ. ಎಲ್ಲೋ ಒತ್ತಿದೆ, ಲ್ಯಾಪ್‌ಟಾಪ್ ಹೀಗೆ ಕೂಗಿಕೊಳ್ಳುತ್ತಿದೆ. ಇಲ್ಲಿ ಶಿವಮೊಗ್ಗ ಎಂದು ಕೂಡ ಬರೆದಿದೆ, ಅವರಿಗೆ ನಮ್ಮ ಊರೂ ಗೊತ್ತು” ಎಂದರು. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು ಅವರು. ಅವರ ದನಿ ಅಷ್ಟು ನಡುಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: “ಪರದೆಯ ಮೇಲಿರುವ ನಂಬರಿಗೆ ಫೋನ್ ಮಾಡಿದಿರಾ?” “ಇಲ್ಲ, ಮೊದಲು ನಿನಗೇ ಮಾಡಿದೆ” ಎಂದರು. ಹಾಗಾದರೆ ಏನೂ ಆಗಿಲ್ಲ ಎಂದೆ. ಎರಡು ನಿಮಿಷದಲ್ಲಿ ಅದನ್ನು ಮುಚ್ಚಿದೆವು.

ಆ ಪ್ರಶ್ನೆಯನ್ನೇ ಮೊದಲು ಕೇಳಿದ್ದಕ್ಕೆ ಕಾರಣವಿದೆ. ಈ ವಂಚನೆಯಲ್ಲಿ ನಾಲ್ಕು ಹಂತಗಳಿವೆ: ಪರದೆಯನ್ನು ನೋಡುವುದು, ಆ ನಂಬರಿಗೆ ಕರೆ ಮಾಡುವುದು, ಕಂಪ್ಯೂಟರನ್ನು ಅವರ ಕೈಗೆ ಕೊಡುವುದು, ಹಣ ಕಳಿಸುವುದು. ನೀವು ಅಥವಾ ನಿಮ್ಮ ಮನೆಯವರು ಯಾವ ಹಂತದಲ್ಲಿದ್ದೀರಿ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಈ ಬರಹವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ. ಈಗಲೇ ತೊಂದರೆಯಲ್ಲಿರುವವರು ನೇರವಾಗಿ ತಮ್ಮ ಹಂತಕ್ಕೆ ಹೋಗಬಹುದು. ಹಣ ಹೋಗಿದ್ದರೆ ಓದುವುದನ್ನು ನಿಲ್ಲಿಸಿ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ಆ ಪರದೆ ನಿಜವಾಗಿ ಏನು

ಅದೊಂದು ವೆಬ್ ಪುಟ. ಸುದ್ದಿ ಓದುವ ಪುಟ, ಅಡುಗೆ ನೋಡುವ ಪುಟ ಹೇಗೋ ಹಾಗೆಯೇ ಬ್ರೌಸರಿನೊಳಗೆ ತೆರೆದುಕೊಂಡ ಇನ್ನೊಂದು ಪುಟ. ಅದರ ಮೇಲೆ ಮೈಕ್ರೋಸಾಫ್ಟ್ ಅಥವಾ ಆ್ಯಪಲ್ ಗುರುತನ್ನು ಅಂಟಿಸಿರುತ್ತಾರೆ. ‘ಟ್ರೋಜನ್ ಪತ್ತೆಯಾಗಿದೆ’, ‘ಕಂಪ್ಯೂಟರ್ ಆಫ್ ಮಾಡಬೇಡಿ’, ‘ಬ್ಯಾಂಕ್ ವಿವರಗಳು ಸೋರುತ್ತಿವೆ’ ಎಂದು ಬರೆದು ಕೆಳಗೊಂದು ದೂರವಾಣಿ ಸಂಖ್ಯೆ ಕೊಟ್ಟಿರುತ್ತಾರೆ. ವೈರಸ್ ಹುಡುಕುತ್ತಿರುವಂತೆ ಓಡುವ ಪಟ್ಟಿ ಮೊದಲೇ ತಯಾರಿಸಿಟ್ಟ ಚಿತ್ರ. ಯಾವ ವೆಬ್ ಪುಟಕ್ಕೂ ನಿಮ್ಮ ಕಂಪ್ಯೂಟರಿನ ಒಳಗಿನ ಕಡತಗಳನ್ನು ಜಾಲಾಡಿ ವೈರಸ್ ಹುಡುಕುವ ಶಕ್ತಿ ಇಲ್ಲ.

ಊರಿನ ಹೆಸರು ಹೇಗೆ ಬಂತು ಎಂಬುದೇ ಚಿಕ್ಕಮ್ಮನನ್ನು ಹೆಚ್ಚು ಕಾಡಿದ್ದು. ನೀವು ಯಾವ ಪುಟ ತೆರೆದರೂ ನಿಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸ ಆ ಪುಟಕ್ಕೆ ತಿಳಿಯುತ್ತದೆ. ಅದರಿಂದ ಸುಮಾರಾಗಿ ಊರನ್ನೂ ಇಂಟರ್ನೆಟ್ ಕಂಪನಿಯನ್ನೂ ಊಹಿಸಬಹುದು. ಹವಾಮಾನದ ಪುಟ ನಿಮ್ಮ ಊರಿನ ಮಳೆಯನ್ನೇ ತೋರಿಸುವುದು ಹೀಗೆಯೇ. ಅಲ್ಲಿ ಸಹಜವಾದದ್ದನ್ನು ಇಲ್ಲಿ ಬೆದರಿಕೆಯಾಗಿ ಬಳಸುತ್ತಾರೆ.

ಮುಚ್ಚಲು ಆಗದಂತೆ ಕಾಣುವುದೂ ಕೈಚಳಕ. ಪುಟ ಇಡೀ ಪರದೆಯನ್ನು ಆವರಿಸಿಕೊಂಡು ಮೇಲಿನ ವಿಳಾಸ ಪಟ್ಟಿಯನ್ನು ಮರೆಮಾಡುತ್ತದೆ. ಮೌಸ್ ಬಾಣವನ್ನು ಅಡಗಿಸಿ, ಎತ್ತಲೋ ಓಡಾಡುವ ನಕಲಿ ಬಾಣವನ್ನು ತೋರಿಸುತ್ತದೆ. ಒಂದು ಪೆಟ್ಟಿಗೆ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಕೆಲವು ಪುಟಗಳಲ್ಲಿ ಕಾಣುವ ‘ಮುಚ್ಚಿ’ ಎಂಬ ಗುಂಡಿಯೇ ಚಿತ್ರ. ಅದನ್ನು ಒತ್ತಿದ ಕೂಡಲೇ ಪುಟ ಮತ್ತಷ್ಟು ದೊಡ್ಡದಾಗುತ್ತದೆ.

ಇಂಥ ಪುಟಗಳು ಹೊಲಸು ಜಾಲತಾಣಗಳಿಗೆ ಹೋದವರಿಗೆ ಮಾತ್ರ ಸಿಗುತ್ತವೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆ ನಂಬಿಕೆಯಿಂದ ಆಗುವ ಹಾನಿ ದೊಡ್ಡದು, ಏಕೆಂದರೆ ಸಿಕ್ಕಿಬಿದ್ದವರು ನಾಚಿಕೆಯಿಂದ ಮನೆಯವರಿಗೆ ಹೇಳುವುದಿಲ್ಲ. ವಂಚಕರು ಜಾಹೀರಾತು ಜಾಗವನ್ನು ಹಣ ಕೊಟ್ಟು ಕೊಳ್ಳುತ್ತಾರೆ, ಹಾಗಾಗಿ ಒಳ್ಳೆಯ ತಾಣದ ಜಾಹೀರಾತಿನಿಂದಲೂ ಇದು ಬರಬಹುದು. ಹುಡುಕಾಟದ ಫಲಿತಾಂಶಗಳ ಮೇಲ್ಭಾಗದ ಜಾಹೀರಾತಿನಿಂದ, ವಿಳಾಸದಲ್ಲಿ ಒಂದಕ್ಷರ ತಪ್ಪಾದುದರಿಂದ, ಉಚಿತ ಸಿನಿಮಾ ಮತ್ತು ಕ್ರಿಕೆಟ್ ತೋರಿಸುವ ತಾಣದಿಂದಲೂ ಬರುತ್ತದೆ. ವಯಸ್ಸಾದವರೇ ಬಲಿಯಾಗುತ್ತಾರೆ ಎಂಬುದೂ ಅರ್ಧ ಸತ್ಯ. 2021ರಲ್ಲಿ ಮೈಕ್ರೋಸಾಫ್ಟ್ 16 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ಶೇ 69ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಇಂಥ ವಂಚನೆಯನ್ನು ಎದುರಿಸಿದ್ದಾಗಿ ಹೇಳಿದರು. ಭಾರತದಲ್ಲಿ ಹೆಚ್ಚು ಸುಲಭವಾಗಿ ಸಿಕ್ಕಿಬಿದ್ದವರು 24ರಿಂದ 37 ವರ್ಷದವರು.

ನಿಜವಾದ ಎಚ್ಚರಿಕೆಗೂ ಇದಕ್ಕೂ ವ್ಯತ್ಯಾಸ ಹೇಗೆ? ಸುಲಭದ ಗುರುತು ಒಂದಿದೆ: ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶದಲ್ಲಿ ದೂರವಾಣಿ ಸಂಖ್ಯೆ ಎಂದೂ ಇರುವುದಿಲ್ಲ. ಇದನ್ನು ಆ ಕಂಪನಿಯೇ ಹೇಳಿದೆ. ಫೋನ್ ನಂಬರ್ ಕಂಡರೆ ಅದು ನಕಲಿ, ಮುಂದೆ ಓದುವ ಅಗತ್ಯವೇ ಇಲ್ಲ. ಅನುಮಾನ ಉಳಿದರೆ ಆ ಪುಟವನ್ನು ಮುಚ್ಚಿದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆರೆಯಿರಿ. ನಿಜವಾಗಿ ವೈರಸ್ ಸಿಕ್ಕಿದ್ದರೆ ಅಲ್ಲಿ ದಾಖಲಾಗಿರುತ್ತದೆ.

ಇದೇ ಜಾತಿಯ ಇನ್ನೊಂದು ಪುಟ ನಮ್ಮ ದೇಶದಲ್ಲಿ ಓಡಾಡುತ್ತಿದೆ. ಅದರಲ್ಲಿ ಸರ್ಕಾರಿ ಲಾಂಛನವೋ ಪೊಲೀಸ್ ಲಾಂಛನವೋ ಇರುತ್ತದೆ. ನಿಷೇಧಿತ ತಾಣ ನೋಡಿದ್ದೀರಿ, ಬ್ರೌಸರ್ ಲಾಕ್ ಮಾಡಲಾಗಿದೆ, ಕೆಲವು ಗಂಟೆಗಳೊಳಗೆ ಕಾರ್ಡ್ ಮೂಲಕ ದಂಡ ಕಟ್ಟಿ ಎನ್ನುತ್ತದೆ. ಯಾವ ಪೊಲೀಸರೂ ಬ್ರೌಸರಿನ ಪುಟದಲ್ಲಿ ದಂಡ ವಸೂಲಿ ಮಾಡುವುದಿಲ್ಲ. ಇದನ್ನು ಮುಚ್ಚುವ ವಿಧಾನವೂ ಅದೇ.

ಮೊದಲ ಹಂತ: ನೋಡಿದ್ದೀರಿ ಅಷ್ಟೇ

ಮೊದಲು ಶಬ್ದ ನಿಲ್ಲಿಸಿ. ಕೀಲಿಮಣೆಯಲ್ಲಿ ಮ್ಯೂಟ್ ಗುಂಡಿ ಇರುತ್ತದೆ, ಸ್ಪೀಕರ್ ಬೇರೆ ಇದ್ದರೆ ಅದರ ತಂತಿ ಕೀಳಿ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಸೈರನ್ ಇರುವುದೇ ನಿಮಗೆ ಯೋಚಿಸಲು ಬಿಡದಿರುವುದಕ್ಕೆ. ಶಬ್ದ ನಿಂತರೆ ಅರ್ಧ ಭಯ ಇಳಿಯುತ್ತದೆ.

ವಿಂಡೋಸ್ ಕಂಪ್ಯೂಟರಿನಲ್ಲಿ ಈ ಕ್ರಮದಲ್ಲಿ ಪ್ರಯತ್ನಿಸಿ:

1. ಎಡ ಮೂಲೆಯ ಎಸ್ಕೇಪ್ ಕೀಲಿಯನ್ನು ಮೂರ್ನಾಲ್ಕು ಸೆಕೆಂಡು ಒತ್ತಿಯೇ ಹಿಡಿಯಿರಿ. ಒಮ್ಮೆ ತಟ್ಟಿ ಬಿಟ್ಟರೆ ಸಾಲದು. ಪೂರ್ಣ ಪರದೆ ಹೋಗಿ ಬ್ರೌಸರಿನ ಮೇಲಿನ ಪಟ್ಟಿ ಕಾಣುತ್ತದೆ. ಆಗ ಮೇಲ್ತುದಿಯ ನಿಜವಾದ ಗುಣಾಕಾರ ಚಿಹ್ನೆಯಿಂದ ಮುಚ್ಚಿ.
2. ಆಗದಿದ್ದರೆ ಆಲ್ಟ್ ಕೀಲಿ ಹಿಡಿದು ಎಫ್4 ಒತ್ತಿ.
3. ಅದೂ ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಈ ಮೂರು ಕೀಲಿಗಳ ಜೋಡಣೆ ನೇರವಾಗಿ ವಿಂಡೋಸ್‌ಗೆ ತಲುಪುತ್ತದೆ, ಯಾವ ವೆಬ್ ಪುಟವೂ ಅದನ್ನು ತಡೆಯಲಾರದು. ಬರುವ ಪಟ್ಟಿಯಲ್ಲಿ ‘ಟಾಸ್ಕ್ ಮ್ಯಾನೇಜರ್’ ಆಯ್ದುಕೊಂಡು, ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್ ಹೆಸರಿನ ಮೇಲೆ ಒತ್ತಿ, ‘ಎಂಡ್ ಟಾಸ್ಕ್’ ಒತ್ತಿ.
4. ಇದ್ಯಾವುದೂ ಕೈಗೆ ಬಾರದಿದ್ದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಯಂತ್ರವನ್ನೇ ಆರಿಸಿ. ‘ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ’ ಎಂದು ಪರದೆ ಹೇಳುವುದು ಸುಳ್ಳು. ಉಳಿಸದ ಕೆಲಸವಿದ್ದರೆ ಅದಷ್ಟೇ ಹೋಗುತ್ತದೆ.

ಚಿಕ್ಕಮ್ಮನಿಗೆ ಮೂರನೆಯದು ಕೈಹಿಡಿಯಿತು.

ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ’ ಎಂದು ಕೇಳುತ್ತದೆ. ಬೇಡ ಎನ್ನಿ. ಬೇಕು ಎಂದರೆ ಅದೇ ಸೈರನ್ ಮತ್ತೆ ಬರುತ್ತದೆ, ಆಗ ಕಂಪ್ಯೂಟರಿಗೆ ನಿಜವಾಗಿಯೂ ವೈರಸ್ ಹತ್ತಿದೆ ಎಂದು ಜನ ನಂಬಿಬಿಡುತ್ತಾರೆ.

ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಸಫಾರಿಯನ್ನು ಆಯ್ದು ‘ಫೋರ್ಸ್ ಕ್ವಿಟ್’ ಕೊಡಿ. ಮರಳಿ ತೆರೆಯುವಾಗ ಶಿಫ್ಟ್ ಕೀಲಿ ಹಿಡಿದುಕೊಂಡು ಸಫಾರಿಯನ್ನು ಒತ್ತಿದರೆ ಹಳೆಯ ಪುಟ ತೆರೆಯುವುದಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ‘ನಿಮ್ಮ ಫೋನಿಗೆ ನಾಲ್ಕು ವೈರಸ್ ತಗುಲಿವೆ’ ಎಂಬ ಪುಟ ಬಂದು ಫೋನ್ ನಡುಗಿದರೆ, ಹೋಮ್ ಗುಂಡಿ ಒತ್ತಿ ಹೊರಬನ್ನಿ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬ್ರೌಸರನ್ನು ಮೇಲಕ್ಕೆ ಸರಿಸಿ ಮುಚ್ಚಿ. ಮತ್ತೆ ತೆರೆದರೆ ಅದೇ ಟ್ಯಾಬ್ ಕಾಣಬಹುದು. ಅದಕ್ಕೆ ಮೊದಲು ವೈಫೈ ಮತ್ತು ಡೇಟಾ ಆರಿಸಿ, ಆಮೇಲೆ ಬ್ರೌಸರ್ ತೆರೆದು, ಟ್ಯಾಬ್‌ಗಳ ಚೌಕ ಒತ್ತಿ ಆ ಪುಟವನ್ನು ಅಳಿಸಿ. ಆ ಪುಟ ‘ಕ್ಲೀನರ್’ ಹಾಕಿಕೊಳ್ಳಿ ಎಂದರೆ, ಅದರಲ್ಲೂ ಎಪಿಕೆ ಕಡತವೊಂದನ್ನು (ಆಂಡ್ರಾಯ್ಡ್ ಆ್ಯಪ್ ಹಾಕುವ ಕಡತ) ಇಳಿಸಿದರೆ, ಅದನ್ನು ತೆರೆಯದೆ ಡೌನ್‌ಲೋಡ್ಸ್‌ನಿಂದ ಅಳಿಸಿಹಾಕಿ. ಈ ಹಂತದಲ್ಲಿ ಕಂಪ್ಯೂಟರಿಗಿಂತ ಫೋನಿನಲ್ಲಿ ಅಪಾಯ ಹೆಚ್ಚು. ಅಂಥ ಆ್ಯಪ್‌ಗೆ ಎಸ್‌ಎಂಎಸ್ ಓದುವ ಅನುಮತಿ ಸಿಕ್ಕರೆ ಬ್ಯಾಂಕಿನ ಒಟಿಪಿ ನೇರವಾಗಿ ಅವರ ಕೈಗೆ ಹೋಗುತ್ತದೆ.

ಐಫೋನಿನಲ್ಲಿ ಸಫಾರಿಯನ್ನು ಮೇಲಕ್ಕೆ ಸರಿಸಿ ಮುಚ್ಚಿ, ಸೆಟ್ಟಿಂಗ್ಸ್‌ನ ಸಫಾರಿ ವಿಭಾಗದಲ್ಲಿ ಇತಿಹಾಸ ಮತ್ತು ಜಾಲತಾಣಗಳ ಮಾಹಿತಿಯನ್ನು ಅಳಿಸಿದರೆ ಸಾಕು. ಕ್ಯಾಲೆಂಡರಿನಲ್ಲಿ ದಿನವೂ ‘ವೈರಸ್ ಇದೆ’ ಎಂಬ ಸೂಚನೆ ಬರುತ್ತಿದ್ದರೆ, ನಿಮಗೆ ಅರಿವಿಲ್ಲದೆ ಯಾವುದೋ ಕ್ಯಾಲೆಂಡರಿಗೆ ಚಂದಾದಾರರಾಗಿದ್ದೀರಿ ಎಂದರ್ಥ. ಕ್ಯಾಲೆಂಡರ್ ಆ್ಯಪ್‌ನ ಪಟ್ಟಿಯಲ್ಲಿ ಆ ಅಪರಿಚಿತ ಹೆಸರನ್ನು ಹುಡುಕಿ ತೆಗೆದುಹಾಕಿ.

ಪುಟ ಮುಚ್ಚಿದ ಮೇಲೂ ಕೆಲವರಿಗೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ’ ಎಂಬ ಸಣ್ಣ ಪೆಟ್ಟಿಗೆಗಳು ದಿನವೂ ಬರುತ್ತಲೇ ಇರುತ್ತವೆ. ಇದೂ ವೈರಸ್ ಅಲ್ಲ. ಹಿಂದೆಂದೋ ಒಂದು ತಾಣ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದಾಗ ನೀವು ಒತ್ತಿದ್ದೀರಿ. ಅದು ಸೂಚನೆ ಕಳಿಸಲು ಕೊಟ್ಟ ಒಪ್ಪಿಗೆಯಾಗಿತ್ತು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’ ತೆರೆಯಿರಿ. ಒಪ್ಪಿಗೆ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದವನ್ನೆಲ್ಲ ತೆಗೆಯಿರಿ. ನಾನು ನೋಡಿದ ಎಷ್ಟೋ ‘ವೈರಸ್ ಹಿಡಿದ’ ಕಂಪ್ಯೂಟರುಗಳು ಇಷ್ಟರಿಂದಲೇ ಶಾಂತವಾಗಿವೆ. ಅವುಗಳಲ್ಲಿ ಕೆಲವನ್ನು ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಿ ಹಳೆಯ ಫೋಟೊಗಳನ್ನೆಲ್ಲ ಕಳೆದುಕೊಳ್ಳಲು ಹೊರಟಿದ್ದರು.

ಎರಡನೆಯ ಹಂತ: ಕರೆ ಮಾಡಿದ್ದೀರಿ

ಬರೀ ಮಾತಾಡಿ ಇಟ್ಟಿದ್ದರೆ ಕಂಪ್ಯೂಟರಿಗೆ ಏನೂ ಆಗಿಲ್ಲ. ಆದರೆ ನಿಮ್ಮ ನಂಬರ್ ಅವರ ಬಳಿ ಇದೆ, ಮತ್ತೆ ಕರೆ ಮಾಡುತ್ತಾರೆ. ನಂಬರನ್ನು ತಡೆಹಿಡಿಯಿರಿ, ಬೇರೆ ನಂಬರಿನಿಂದ ಬಂದರೂ ಉತ್ತರಿಸಬೇಡಿ.

ಆ ಕಡೆಯವರು ಮಾತಿನಲ್ಲಿ ತರಬೇತಿ ಪಡೆದವರು. ಸಮಾಧಾನದ ದನಿಯಲ್ಲಿ, ‘ಮೇಡಂ, ಹೆದರಬೇಡಿ, ನಾನಿದ್ದೇನೆ’ ಎಂದು ಶುರು ಮಾಡುತ್ತಾರೆ. ಆಮೇಲೆ ನಿಮ್ಮ ಕೈಯಿಂದಲೇ ‘ಸಾಕ್ಷ್ಯ’ ತೆಗೆಸುತ್ತಾರೆ. ಅವರ ತಂತ್ರಗಳನ್ನು ಮೊದಲೇ ತಿಳಿದವರ ಮುಂದೆ ಅವರ ಆಟ ನಡೆಯುವುದಿಲ್ಲ, ಆದ್ದರಿಂದ ಇವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಈವೆಂಟ್ ವ್ಯೂವರ್’ ತೆರೆಸಿ ಕೆಂಪು ಮತ್ತು ಹಳದಿ ಗುರುತಿನ ನೂರಾರು ಸಾಲುಗಳನ್ನು ತೋರಿಸುತ್ತಾರೆ. ಇವೆಲ್ಲ ಹ್ಯಾಕರುಗಳ ದಾಳಿ ಎನ್ನುತ್ತಾರೆ. ಅದು ವಿಂಡೋಸ್ ತನ್ನ ದಿನಚರಿಯನ್ನು ಬರೆದಿಡುವ ಜಾಗ. ಯಾವುದೋ ಸೇವೆ ಎರಡು ಸೆಕೆಂಡು ತಡವಾಗಿ ಶುರುವಾದರೂ ಅಲ್ಲೊಂದು ಸಾಲು ಬೀಳುತ್ತದೆ. ನಿನ್ನೆ ಕೊಂಡ ಹೊಸ ಕಂಪ್ಯೂಟರಿನಲ್ಲೂ ಅವು ಇರುತ್ತವೆ.

ಕಪ್ಪು ಕಿಟಕಿಯೊಂದನ್ನು ತೆರೆಸಿ ‘ನೆಟ್‌ಸ್ಟ್ಯಾಟ್’ ಎಂದು ಬರೆಸುತ್ತಾರೆ. ‘ಫಾರಿನ್ ಅಡ್ರೆಸ್’ ಎಂಬ ತಲೆಬರಹದ ಕೆಳಗೆ ಅಂಕಿಗಳ ಸಾಲು ಬರುತ್ತದೆ. ವಿದೇಶಿಯರು ನಿಮ್ಮ ಯಂತ್ರದೊಳಗೆ ಕುಳಿತಿದ್ದಾರೆ ಎನ್ನುತ್ತಾರೆ. ಇಲ್ಲಿ ಫಾರಿನ್ ಎಂದರೆ ನಿಮ್ಮ ಕಂಪ್ಯೂಟರಿನ ಹೊರಗಿನ ವಿಳಾಸ ಎಂದಷ್ಟೇ ಅರ್ಥ. ಬ್ರೌಸರ್ ತೆರೆದಿದ್ದರೆ ಅಂಥವು ಹತ್ತಾರು ಇರುತ್ತವೆ.

ಎಲ್ಲಕ್ಕಿಂತ ಚತುರವಾದದ್ದು ಇದು. ‘ಅಸೋಕ್’ ಎಂಬ ಆದೇಶ ಬರೆಸಿ, ಕೊನೆಯ ಕಡೆ 888ಡಿಸಿಎ60 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯನ್ನು ನೋಡಲು ಹೇಳುತ್ತಾರೆ. ತಮ್ಮ ಬಳಿ ಇರುವ ಸಂಖ್ಯೆಯನ್ನು ತಾವು ಓದುತ್ತಾರೆ. ಎರಡೂ ಒಂದೇ! ‘ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ಸಂಖ್ಯೆ, ಇದು ನಮಗೆ ಗೊತ್ತಿದೆ ಎಂದರೆ ನಾವು ಮೈಕ್ರೋಸಾಫ್ಟ್‌ನವರೇ ಅಲ್ಲವೇ’ ಎನ್ನುತ್ತಾರೆ. ಆ ಸಂಖ್ಯೆ ಪ್ರಪಂಚದ ವಿಂಡೋಸ್ ಕಂಪ್ಯೂಟರುಗಳಲ್ಲೆಲ್ಲ ಒಂದೇ. ಒಂದು ಬಗೆಯ ಕಡತಕ್ಕೆ ವಿಂಡೋಸ್ ಇಟ್ಟ ಗುರುತು ಅದು. ನಮ್ಮ ಮೇಲಿನ ಮನೆಯ, ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದ ಹಿರಿಯರು ಮೋಸಹೋದದ್ದು ಈ ಸಂಖ್ಯೆಯಿಂದಲೇ. ಜೀವನವಿಡೀ ದಾಖಲೆ ತಾಳೆ ನೋಡಿ ನಂಬಿದವರು ಅವರು. ಇಲ್ಲಿಯೂ ತಾಳೆ ನೋಡಿದರು, ತಾಳೆಯಾಯಿತು. ಅವರನ್ನು ದಡ್ಡರೆಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

ಈ ಮೂರು ತೋರಿಸಿದ ಮೇಲೆ ‘ನಾನೇ ಸರಿಮಾಡಿಕೊಡುತ್ತೇನೆ, ಈ ಆ್ಯಪ್ ಹಾಕಿಕೊಳ್ಳಿ’ ಎನ್ನುತ್ತಾರೆ. ಫೋನ್ ಇಡಬೇಕಾದ ಕೊನೆಯ ಸುರಕ್ಷಿತ ಜಾಗ ಇದು. ಮರ್ಯಾದೆಗೆ ಕಾರಣ ಹೇಳುವ ಅಗತ್ಯವಿಲ್ಲ, ವಾದ ಮಾಡಬೇಡಿ, ಕರೆ ಕಡಿದುಬಿಡಿ.

ಮೂರನೆಯ ಹಂತ: ಕಂಪ್ಯೂಟರ್ ಅವರ ಕೈಗೆ ಹೋಗಿದೆ

ಎನಿಡೆಸ್ಕ್, ಟೀಮ್‌ವ್ಯೂವರ್, ಅಲ್ಟ್ರಾವ್ಯೂವರ್ ಇವೆಲ್ಲ ಬೇರೆಯವರ ಕಂಪ್ಯೂಟರನ್ನು ದೂರದಿಂದಲೇ ನಡೆಸಲು, ಒಳ್ಳೆಯ ಕೆಲಸಕ್ಕೆಂದು ಮಾಡಿದ ಆ್ಯಪ್‌ಗಳು. ವಿಂಡೋಸ್‌ನಲ್ಲೇ ‘ಕ್ವಿಕ್ ಅಸಿಸ್ಟ್’ ಎಂಬುದೂ ಇದೆ. ಅವು ತೋರಿಸುವ ಕೋಡ್ ಹೇಳಿ ಒಪ್ಪಿಗೆ ಒತ್ತಿದರೆ ಆ ಕಡೆಯವರು ನಿಮ್ಮ ಕುರ್ಚಿಯಲ್ಲೇ ಕುಳಿತಂತೆ. ಪರದೆಯನ್ನು ಕಪ್ಪಾಗಿಸಿ ‘ಸ್ಕ್ಯಾನ್ ನಡೆಯುತ್ತಿದೆ’ ಎನ್ನುತ್ತಾ ಹಿಂದೆ ಕಡತಗಳನ್ನೂ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ನೋಡುತ್ತಾರೆ.

ಕ್ರಮ ಮುಖ್ಯ, ಹೀಗೆ ಮಾಡಿ.

ಮೊದಲು ಇಂಟರ್ನೆಟ್ ಕಡಿಯಿರಿ. ವೈಫೈ ರೂಟರಿನ ಸ್ವಿಚ್ ಆರಿಸುವುದೇ ವೇಗದ ದಾರಿ. ಸಂಪರ್ಕ ಹೋದ ಕ್ಷಣ ಅವರ ಕೈ ಕಡಿಯುತ್ತದೆ. ಫೋನಿನಲ್ಲೇ ಆ್ಯಪ್ ಹಾಕಿಸಿದ್ದರೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಕೂಡ ಆರಿಸಿ.

ಎರಡನೆಯದು, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡುಗಳನ್ನು ತಾತ್ಕಾಲಿಕವಾಗಿ ತಡೆಯಲು ಹೇಳಿ. ಹಣ ಹೋಗಿಲ್ಲದಿದ್ದರೂ ಇದನ್ನು ಮಾಡಿ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ಗ್ರಾಹಕ ಸೇವಾ ಸಂಖ್ಯೆಗಳನ್ನು ಹರಡಿಟ್ಟಿರುತ್ತಾರೆ. ಗಾಬರಿಯಲ್ಲಿ ಒಂದು ಹೊಂಡದಿಂದ ಎದ್ದು ಇನ್ನೊಂದಕ್ಕೆ ಬಿದ್ದವರಿದ್ದಾರೆ.

ಮೂರನೆಯದು, ಅದೇ ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಾಯಿಸಿ. ಮೊದಲು ಇಮೇಲ್, ಏಕೆಂದರೆ ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೇ ಬರುತ್ತದೆ. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಎರಡು ಹಂತದ ದೃಢೀಕರಣ ಹಾಕಿ. ನಿಮ್ಮ ಪತ್ರಗಳನ್ನು ಬೇರೆ ವಿಳಾಸಕ್ಕೆ ತಾನಾಗಿ ಕಳಿಸುವ ‘ಫಾರ್ವರ್ಡಿಂಗ್’ ನಿಯಮ ಸೇರಿಸಿದ್ದಾರೆಯೇ ನೋಡಿ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಕರೆಯ ನಡುವೆ ನಿಮ್ಮಿಂದ ನಕ್ಷತ್ರ ಚಿಹ್ನೆಯ ಯಾವುದಾದರೂ ಸಂಖ್ಯೆ ಒತ್ತಿಸಿದ್ದರೆ, ಅದು ನಿಮ್ಮ ಕರೆಗಳನ್ನು ಅವರಿಗೆ ತಿರುಗಿಸಿರಬಹುದು. ##002# ಎಂದು ಡಯಲ್ ಮಾಡಿದರೆ ಎಲ್ಲ ಕರೆ ತಿರುಗಿಸುವಿಕೆ ರದ್ದಾಗುತ್ತದೆ.

ಆಮೇಲೆ ಕಂಪ್ಯೂಟರ್. ಶುಚಿ ಮಾಡುವ ಮೊದಲು ಸಾಕ್ಷ್ಯ ಉಳಿಸಿ: ಆ ಆ್ಯಪ್‌ನ ಹೆಸರು, ಅದರಲ್ಲಿ ಕಾಣುವ ಸಂಪರ್ಕದ ಸಂಖ್ಯೆ, ಕರೆಗಳ ಪಟ್ಟಿ, ಸಂದೇಶಗಳು, ಎಲ್ಲದರ ಫೋಟೊ ತೆಗೆದಿಡಿ. ಬಳಿಕ ಇತ್ತೀಚೆಗೆ ಸೇರಿದ ಆ್ಯಪ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ, ಆ ದಿನ ಬಂದವನ್ನೆಲ್ಲ ತೆಗೆಯಿರಿ. ಒಂದು ಸಿಕ್ಕಿತೆಂದು ನಿಲ್ಲಬೇಡಿ, ಒಂದನ್ನು ತೆಗೆದರೂ ಇನ್ನೊಂದರಿಂದ ಮರಳಿ ಬರಲು ಎರಡು ಮೂರು ಹಾಕಿಟ್ಟಿರುತ್ತಾರೆ. ಬ್ರೌಸರಿಗೆ ಸೇರಿಸಿದ ಸಣ್ಣ ಸಾಫ್ಟ್‌ವೇರುಗಳಾದ ಎಕ್ಸ್‌ಟೆನ್ಶನ್‌ಗಳನ್ನೂ ವಿಂಡೋಸ್‌ನ ಬಳಕೆದಾರರ ಪಟ್ಟಿಯನ್ನೂ ನೋಡಿ. ನಂತರ ವಿಂಡೋಸ್ ಸೆಕ್ಯುರಿಟಿಯ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಓಡಿಸಿ. ಯಂತ್ರ ಮರುಪ್ರಾರಂಭವಾಗಿ, ವಿಂಡೋಸ್ ತೆರೆಯುವ ಮೊದಲೇ ಸುಮಾರು ಕಾಲು ಗಂಟೆ ತಪಾಸಣೆ ನಡೆಯುತ್ತದೆ.

ಅವರು ಅರ್ಧ ಗಂಟೆಗಿಂತ ಹೆಚ್ಚು ಒಳಗಿದ್ದರೆ, ಅಥವಾ ಪರದೆ ಕಪ್ಪಾಗಿದ್ದ ಸಮಯವಿದ್ದರೆ, ನನ್ನ ಸಲಹೆ ಇಷ್ಟೇ: ಫೋಟೊ ಮತ್ತು ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು ‘ರಿಸೆಟ್ ದಿಸ್ ಪಿಸಿ’ ಮೂಲಕ ವಿಂಡೋಸನ್ನು ಹೊಸದಾಗಿ ಹಾಕಿ. ಒಂದು ಸಂಜೆಯ ಕೆಲಸ ಅದು. ಆ ಯಂತ್ರದಲ್ಲಿ ಬ್ಯಾಂಕಿನ ಪುಟ ತೆರೆಯುವಾಗಲೆಲ್ಲ ಎದೆ ಹೊಡೆದುಕೊಳ್ಳುವುದಕ್ಕಿಂತ ಅದು ಮೇಲು.

ನಾಲ್ಕನೆಯ ಹಂತ: ಹಣ ಹೋಗಿದೆ

1930. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ನಡೆಯುವ, ದೇಶಕ್ಕೆಲ್ಲ ಒಂದೇ ಆದ ಸಹಾಯವಾಣಿ. ನಿಮ್ಮ ಹಣ ವಂಚಕನ ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಓಡುತ್ತಿರುತ್ತದೆ. ಇಲ್ಲಿ ದೂರು ದಾಖಲಾದ ಕೂಡಲೇ ಆ ಬ್ಯಾಂಕುಗಳಿಗೆ ಸೂಚನೆ ಹೋಗಿ, ಹಣ ಇನ್ನೂ ಉಳಿದಿರುವ ಖಾತೆಯಲ್ಲಿ ಅದನ್ನು ತಡೆಹಿಡಿಯುತ್ತಾರೆ. ಆದ್ದರಿಂದ ನಿಮಿಷಗಳ ಲೆಕ್ಕವಿದೆ. ‘ಬೆಳಿಗ್ಗೆ ಮಗ ಬಂದಮೇಲೆ ಕೇಳೋಣ’ ಎಂದು ರಾತ್ರಿ ಕಳೆದರೆ ಬೆಳಿಗ್ಗೆ ಎಟಿಎಂನಲ್ಲಿ ಹಣ ಡ್ರಾ ಆಗಿರುತ್ತದೆ.

ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು: ನಿಮ್ಮ ಖಾತೆ ಸಂಖ್ಯೆ, ಹಣ ಹೋದ ದಿನ ಮತ್ತು ಸಮಯ, ಮೊತ್ತ, ವಹಿವಾಟಿನ ಸಂಖ್ಯೆ. ಯುಪಿಐ ಆಗಿದ್ದರೆ ಆ್ಯಪ್‌ನ ವಹಿವಾಟಿನ ವಿವರದಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ದೂರಿನ ಸಂಖ್ಯೆ ಕೊಡುತ್ತಾರೆ, ಬರೆದುಕೊಳ್ಳಿ. ನಂತರ 24 ಗಂಟೆಯೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಪೂರ್ಣ ದೂರನ್ನು ಸಲ್ಲಿಸಿ, ಸಾಕ್ಷ್ಯದ ಫೋಟೊಗಳನ್ನು ಸೇರಿಸಿ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಸೆನ್ ಪೊಲೀಸ್ ಠಾಣೆಗಳಿವೆ. ಅಲ್ಲಿಗೆ ಖುದ್ದಾಗಿ ಹೋಗಿ ಎಫ್‌ಐಆರ್ ಕೇಳಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ವಿಧಿ ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವವರಿಗೇ ಇರುವುದು, ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ.

ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸುವುದನ್ನು ಬಿಡಬೇಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಇದಕ್ಕೆ ಕಾರಣವಿದೆ. ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ಆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಒಟಿಪಿ, ಪಿನ್ ಹೇಳಿಬಿಟ್ಟಿದ್ದರೆ ಮಾತು ಬೇರೆ: ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಹಾಗಾಗಿ ನೀವು ತಿಳಿಸಿದ ಗಳಿಗೆಗೆ ಬೆಲೆಯಿದೆ. ದೂರಿನ ಸಂಖ್ಯೆಯ ಜೊತೆಗೆ ಸಮಯವನ್ನೂ ಬರೆಸಿಕೊಳ್ಳಿ. ಬ್ಯಾಂಕ್ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದರ ಸಹಾಯವಾಣಿ 14448.

ನಮ್ಮ ಮೇಲಿನ ಮನೆಯವರು ‘ಹೆಚ್ಚು ಹಣ ಮರಳಿಸಿದೆವು’ ಎಂಬ ಬಲೆಯಲ್ಲಿ ಸಿಕ್ಕರು. ಸೇವಾ ಶುಲ್ಕ ವಾಪಸ್ ಕೊಡುತ್ತೇವೆ ಎಂದು ವಂಚಕರು ಬ್ಯಾಂಕಿನ ಪುಟ ತೆರೆಸಿದರು. ಪುಟದ ಅಂಕಿಗಳನ್ನು ಬ್ರೌಸರಿನಲ್ಲೇ ತಿದ್ದಿ, ಐದು ಸಾವಿರದ ಬದಲು ಐವತ್ತು ಸಾವಿರ ಬಂದಂತೆ ತೋರಿಸಿದರು. ‘ನನ್ನ ಕೆಲಸ ಹೋಗುತ್ತದೆ ಸರ್, ಉಳಿದದ್ದನ್ನು ಮರಳಿಸಿ’ ಎಂದು ಫೋನಿನ ಆ ಕಡೆಯ ಹುಡುಗ ಅತ್ತನಂತೆ. ಇವರು ಕರುಣೆಯಿಂದ ನಲವತ್ತೈದು ಸಾವಿರ ಕಳಿಸಿದರು. ಖಾತೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿದ್ದರೆ, ಅಥವಾ ಬೇರೆ ಫೋನಿನಲ್ಲಿ ಉಳಿಕೆ ನೋಡಿದ್ದರೆ ತಿಳಿಯುತ್ತಿತ್ತು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಣ ಹೋಗದೆ ಪಾರಾದವರೂ ದೂರು ಕೊಡಬಹುದು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣ ಮತ್ತು ಆ್ಯಪ್‌ನಲ್ಲಿ ‘ಚಕ್ಷು’ ಎಂಬ ವಿಭಾಗವಿದೆ. ವಂಚನೆಯ ಕರೆ ಬಂದ ಸಂಖ್ಯೆಯನ್ನು ಅಲ್ಲಿ ತಿಳಿಸಬಹುದು.

ಅಪ್ಪ ಅಮ್ಮ ಅಮೆರಿಕದಲ್ಲಿ ಮಕ್ಕಳ ಮನೆಯಲ್ಲಿರುವಾಗ

ಈ ವಂಚನೆಯ ದೊಡ್ಡ ಹೊಡೆತ ಬಿದ್ದಿರುವುದು ಅಮೆರಿಕದ ಹಿರಿಯರ ಮೇಲೆ. ಎಫ್‌ಬಿಐನ ಅಂತರ್ಜಾಲ ಅಪರಾಧ ದೂರು ಕೇಂದ್ರಕ್ಕೆ 2024ರಲ್ಲಿ ಇಂಥ ಸುಮಾರು 36,000 ದೂರುಗಳು ಬಂದವು, ನಷ್ಟ 146 ಕೋಟಿ ಡಾಲರ್. ಕರೆ ಮಾಡುವ ಕೇಂದ್ರಗಳಲ್ಲಿ ಹಲವು ನಮ್ಮ ದೇಶದಲ್ಲಿವೆ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ–2’ ಹೆಸರಿನಲ್ಲಿ 76 ಕಡೆ ಶೋಧ ನಡೆಸಿತು. ಅದರಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಇದ್ದವು. 2025ರ ಮೇ ತಿಂಗಳಲ್ಲಿ ದೆಹಲಿ, ಹರಿಯಾಣ, ಉತ್ತರ ಪ್ರದೇಶದ 19 ಕಡೆ ನಡೆದ ಶೋಧ ಜಪಾನಿನ ಜನರನ್ನು ಇದೇ ರೀತಿ ವಂಚಿಸುತ್ತಿದ್ದ ಜಾಲದ ಮೇಲೆ.

ಆರು ತಿಂಗಳು ಮಗಳ ಮನೆಗೆ ಹೋದ ತಂದೆತಾಯಿಗೆ ಹಗಲೆಲ್ಲ ಮನೆಯಲ್ಲಿ ತಾವಿಬ್ಬರೇ. ಮಗಳ ಕಂಪ್ಯೂಟರ್ ಹಾಳಾಯಿತೆಂಬ ಭಯ, ಆಫೀಸಿನಲ್ಲಿರುವವಳಿಗೆ ತೊಂದರೆ ಕೊಡಬಾರದೆಂಬ ಸಂಕೋಚ, ಎರಡೂ ಸೇರುತ್ತವೆ. ಅಲ್ಲಿ ವಂಚಕರು ಹಣವನ್ನು ಗಿಫ್ಟ್ ಕಾರ್ಡಿನ ಸಂಖ್ಯೆಯಾಗಿ ಕೇಳುತ್ತಾರೆ. ದೊಡ್ಡ ಮೊತ್ತವಾದರೆ ‘ಸುರಕ್ಷಿತವಾಗಿಡುತ್ತೇವೆ’ ಎಂದು ನಗದು ಅಥವಾ ಚಿನ್ನ ಒಯ್ಯಲು ಮನೆಬಾಗಿಲಿಗೇ ಕೊರಿಯರ್ ಆಳನ್ನು ಕಳಿಸುತ್ತಾರೆ ಎಂದು ಎಫ್‌ಬಿಐ 2024ರ ಆರಂಭದಲ್ಲಿ ಎಚ್ಚರಿಸಿತ್ತು. ಯಾವ ಕಂಪನಿಯೂ ಯಾವ ಸರ್ಕಾರವೂ ಗಿಫ್ಟ್ ಕಾರ್ಡಿನಲ್ಲಿ ಹಣ ಪಡೆಯುವುದಿಲ್ಲ ಎಂಬ ಒಂದು ಮಾತನ್ನು ವಿಮಾನ ಹತ್ತುವ ಮೊದಲೇ ಹೇಳಿಡಿ. ಅಲ್ಲಿ ಹಿರಿಯರ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 833-372-8311.

ಮುಂಚೆಯೇ ಮಾಡಿಡಬಹುದಾದದ್ದು

ಹಿರಿಯರ ಕಂಪ್ಯೂಟರಿಗೆ ನಾನು ಮಾಡಿಕೊಡುವ ಕೆಲಸ ಹೆಚ್ಚೇನಿಲ್ಲ. ಬ್ರೌಸರಿನಲ್ಲಿ ಸೂಚನೆ ಕೇಳುವುದನ್ನೇ ಎಲ್ಲ ತಾಣಗಳಿಗೂ ನಿಲ್ಲಿಸುತ್ತೇನೆ. ಜಾಹೀರಾತು ತಡೆಯುವ ನಂಬಿಕಸ್ಥ ಎಕ್ಸ್‌ಟೆನ್ಶನ್ ಒಂದನ್ನು ಹಾಕುತ್ತೇನೆ. ಎಡ್ಜ್ ಬಳಸುವವರಾದರೆ ಅದರ ‘ಸ್ಕೇರ್‌ವೇರ್ ಬ್ಲಾಕರ್’ ಚಾಲೂ ಇದೆಯೇ ನೋಡುತ್ತೇನೆ. ಪೂರ್ಣ ಪರದೆಯ ನಕಲಿ ಎಚ್ಚರಿಕೆಗಳನ್ನು ಗುರುತಿಸಿ ನಿಲ್ಲಿಸಲೆಂದೇ ಮಾಡಿದ್ದು ಅದು. ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಖಾತೆ ಮಾಡಿಕೊಡುತ್ತೇನೆ, ಆಗ ಹೊಸ ಸಾಫ್ಟ್‌ವೇರ್ ಹಾಕಲು ಹೊರಟಾಗ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ’ ಎಂದು ಯಾರಾದರೂ ಫೋನ್ ಮಾಡಿದರೆ ಆ ಮಾತಿನಲ್ಲಿ ಸತ್ಯದ ತುಣುಕು ಇರುವುದರಿಂದ ನಂಬಿಕೆ ಬರುತ್ತದೆ. ಆದರೆ ಆ ಕಾರಣಕ್ಕೆ ಮೈಕ್ರೋಸಾಫ್ಟ್ ಯಾರ ಮನೆಗೂ ಫೋನ್ ಮಾಡುವುದಿಲ್ಲ.

ಇವೆಲ್ಲಕ್ಕಿಂತ ಉಪಯೋಗವಾದದ್ದು ಅಭ್ಯಾಸ. ಮುಂದಿನ ರಜೆಯಲ್ಲಿ ಶಿವಮೊಗ್ಗಕ್ಕೆ ಹೋದಾಗ, ಒಂದು ಹಾಡಿನ ವಿಡಿಯೊವನ್ನು ಪೂರ್ಣ ಪರದೆಯಲ್ಲಿ ಜೋರಾಗಿ ಹಾಕಿ, ಮೌಸ್ ಮುಟ್ಟದೆ ಮುಚ್ಚಿ ಎಂದು ಚಿಕ್ಕಮ್ಮನಿಗೆ ಹೇಳಿದೆ. ಎಸ್ಕೇಪ್ ಹಿಡಿಯುವುದು, ಆಲ್ಟ್ ಎಫ್4, ಆ ಮೂರು ಕೀಲಿಗಳು, ಎಲ್ಲವನ್ನೂ ಐದೈದು ಸಲ ಮಾಡಿಸಿದೆ. ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅವರೇ ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದುಕೊಂಡರು: ‘ಪರದೆಯ ನಂಬರಿಗೆ ಫೋನ್ ಬೇಡ. ಪುಟ್ಟನಿಗೆ ಫೋನ್. 1930.’

ಒಮ್ಮೆ ಹಣ ಕಳೆದುಕೊಂಡವರಿಗೆ ಕೆಲವು ವಾರಗಳ ನಂತರ ಇನ್ನೊಂದು ಕರೆ ಬರುತ್ತದೆ. ಈ ಸಲ ಅವರು ಸೈಬರ್ ಪೊಲೀಸರೆಂದೋ ವಕೀಲರೆಂದೋ ಹೇಳಿಕೊಂಡು, ಕಳೆದ ಹಣ ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ ಎನ್ನುತ್ತಾರೆ. ಮೋಸಹೋದವರ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ತಡೆಹಿಡಿದ ಹಣ ಕಾನೂನಿನ ಕ್ರಮದಂತೆ ನಿಮ್ಮ ಖಾತೆಗೇ ಬರುತ್ತದೆ, ಅದಕ್ಕೆ ಫೋನಿನಲ್ಲಿ ಶುಲ್ಕ ಕೇಳುವವರು ಯಾರೂ ಇಲ್ಲ. ನಮ್ಮ ಮೇಲಿನ ಮನೆಯವರಿಗೂ ಆ ಕರೆ ಬಂತು. ಅವರು ದೂರಿನ ಸಂಖ್ಯೆ ಹೇಳಿ ಎಂದರು. ಆ ಕಡೆಯವರು ತಡವರಿಸಿದರು. ಇವರು ಫೋನ್ ಇಟ್ಟು, ಆ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಮೆಟ್ಟಿಲಿಳಿದು ನಮ್ಮ ಮನೆಗೆ ಬಂದರು. ಇಬ್ಬರೂ ಕುಳಿತು ಅದನ್ನು ಚಕ್ಷುವಿನಲ್ಲಿ ದಾಖಲಿಸಿದೆವು.